ಮಳೆ, ಗಾಳಿ, ಮಂಜಿನ ದಿನಗಳಲ್ಲಿ ಕಾಡು ಟರ್ಕಿ ಎಲ್ಲಿರುತ್ತದೆ?

ಬೆಟ್ಟದಂಚು (ಪ್ರಶ್ನೆ):

ನ್ಯೂಯಾರ್ಕ್ ರಾಜ್ಯದ ವಸಂತಕಾಲದ ಟರ್ಕಿ ಕೋಳಿ ಬೇಟೆಗೆ ನಾನು ಹೊಸಬ. ಕ್ಯಾಟ್ಸ್‌ಕಿಲ್ ಬೆಟ್ಟಗಳ ತಪ್ಪಲಿನಲ್ಲಿ, ಒಂದು ಕಡೆ ಓಕ್ ಮತ್ತು ಮೇಪಲ್ ಮರಗಳ ಕಾಡು, ಇನ್ನೊಂದು ಕಡೆ ಹುಲ್ಲಿನ ಬಯಲು ಇರುವ ಖಾಸಗಿ ಜಮೀನಿನಲ್ಲಿ ಮಾಲೀಕರ ಅನುಮತಿ ಪಡೆದು ಬೇಟೆಗೆ ಹೋಗುತ್ತಿದ್ದೇನೆ. ಆಕಾಶ ತಿಳಿಯಾಗಿದ್ದ ಮುಂಜಾನೆಗಳಲ್ಲಿ ಬೆಳಕು ಹರಿಯುವ ಮೊದಲೇ ಮರಗಳ ಮೇಲಿನಿಂದ ಹುಂಜಗಳ ಕೂಗು ಕೇಳಿಸುತ್ತದೆ. ಜಡಿಮಳೆ ಅಥವಾ ಜೋರು ಗಾಳಿ ಇದ್ದ ದಿನ ಅದೇ ಕಾಡಿನಲ್ಲಿ ಒಂದು ಹಕ್ಕಿಯೂ ಇಲ್ಲವೇನೋ ಎನ್ನಿಸುತ್ತದೆ. ಅಂಥ ದಿನ ಅವು ಜಾಗ ಬಿಟ್ಟು ಹೋಗುತ್ತವೆಯೇ ಅಥವಾ ಇದ್ದಲ್ಲೇ ಸುಮ್ಮನಿರುತ್ತವೆಯೇ? ಬೇಟೆಯ ಅವಧಿ ಮೇ 1ರಿಂದ 31ರವರೆಗೆ, ಅದೂ ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಮಧ್ಯಾಹ್ನ 12ರವರೆಗೆ ಮಾತ್ರ ಇರುವುದರಿಂದ, ಹವಾಮಾನ ಕೆಟ್ಟ ದಿನಗಳನ್ನೆಲ್ಲ ಬಿಟ್ಟುಕೊಡಲು ಮನಸ್ಸಿಲ್ಲ. ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಹಳೇಕೋವಿ:

ಹಕ್ಕಿಗಳು ಊರು ಬಿಟ್ಟು ಹೋಗುವುದಿಲ್ಲ, ಕಾಡು ಬಿಟ್ಟು ಬಯಲಿಗೆ ಬರುತ್ತವೆ. ಟರ್ಕಿ ತನ್ನ ಜೀವ ಉಳಿಸಿಕೊಳ್ಳುವುದು ಕಣ್ಣು ಮತ್ತು ಕಿವಿಯ ಬಲದಿಂದ. ಮೂಗಿನ ನೆರವು ಅದಕ್ಕೆ ಹೆಚ್ಚೇನೂ ಇಲ್ಲ. ಕಾಡಿನೊಳಗೆ ಮಳೆ ಹಿಡಿದಾಗ ಎಲೆಯೆಲೆಯೂ ಅಲುಗುತ್ತದೆ, ಕೊಂಬೆಗಳಿಂದ ಹನಿ ತೊಟ್ಟಿಕ್ಕುತ್ತಲೇ ಇರುತ್ತದೆ, ಒಣ ತರಗೆಲೆಯ ಮೇಲೆ ಸರಬರ ಸದ್ದು ಮಾಡಬೇಕಿದ್ದ ಕಯೋಟಿಯೋ (ತೋಳದ ಜಾತಿಯ ಪ್ರಾಣಿ) ಬಾಬ್‌ಕ್ಯಾಟೋ (ಕಾಡುಬೆಕ್ಕು) ನೆನೆದ ನೆಲದಲ್ಲಿ ಸುಳಿವು ಕೊಡದೆ ಹತ್ತಿರ ಬರಬಲ್ಲದು. ಕಿವಿ ಕೈಕೊಟ್ಟ ಮೇಲೆ ಉಳಿದದ್ದು ಕಣ್ಣು. ಆ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿ ಇರುವುದರಿಂದ, ಬಯಲಿನ ನಡುವೆ ನಿಂತ ಟರ್ಕಿ ಕುತ್ತಿಗೆಯನ್ನು ತುಸು ತಿರುಗಿಸಿದರೆ ಸಾಕು, ಸುತ್ತ ಎಲ್ಲಿಂದ ಯಾರು ಬಂದರೂ ಕಾಣುತ್ತದೆ. ಜೊತೆಗೆ, ಮಳೆಗೆ ಮೇಲೆದ್ದ ಎರೆಹುಳುಗಳೂ ಗಿಡ್ಡ ಹುಲ್ಲಿನಲ್ಲಿ ಸಿಗುತ್ತವೆ.

ಇನ್ನೊಂದು ಕಾರಣ ಗರಿ. ಬಾತುಕೋಳಿಯ ಗರಿಯಂತೆ ಟರ್ಕಿಯ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ. ಚೆನ್ನಾಗಿ ನೆನೆದ ಹುಂಜವನ್ನು ಹತ್ತಿರದಿಂದ ನೋಡಿದರೆ ಅದರ ದರ್ಪವೆಲ್ಲ ಇಳಿದಿರುತ್ತದೆ: ಬೆನ್ನಿನ ಕಂಚಿನ ಹೊಳಪು ಮಾಸಿ ಕಪ್ಪಾಗಿರುತ್ತದೆ, ಎದೆಯಿಂದ ಇಳಿಬಿದ್ದ, ಕೂದಲಿನಂಥ ಗರಿಗಳ ಗಡ್ಡ ನೀರು ಕುಡಿದ ಹಗ್ಗದ ತುಂಡಿನಂತೆ ಅಂಟಿಕೊಂಡು ಅದರ ತುದಿಯಲ್ಲಿ ಹನಿ ನಿಂತಿರುತ್ತದೆ. ಮಳೆ ಹೊಳವಾದ ಕೂಡಲೇ ಇಂಥ ಹಕ್ಕಿ ಬಿಸಿಲು ಬೀಳುವ ಜಾಗಕ್ಕೆ ಬಂದು ಮೈಕೊಡವಿ, ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತದೆ. ಎಷ್ಟೋ ಸಲ ಆಗಲೇ ಕೂಗು ಮತ್ತೆ ಶುರುವಾಗುತ್ತದೆ.

ಆದ್ದರಿಂದ ಮಳೆಯ ದಿನ ಕೂಗನ್ನು ಹಿಂಬಾಲಿಸುವ ಆಸೆ ಬಿಟ್ಟು, ಬಯಲಿನ ಅಂಚಿನಲ್ಲಿ ನಿಮ್ಮ ಭುಜಕ್ಕಿಂತ ಅಗಲವಾದ ಮರದ ಬುಡಕ್ಕೆ ಬೆನ್ನು ಕೊಟ್ಟು ಮರಸು ಕೂರುವುದೇ ಸರಿ. ಹೇಂಟೆಯ ಬೊಂಬೆಯೊಂದನ್ನು ಈಡಿನ ಅಳತೆಯೊಳಗೆ ನಿಲ್ಲಿಸಿ, ಆಗಾಗ ಹೇಂಟೆಯ ದನಿಯಲ್ಲಿ ಮೆಲ್ಲಗೆ ಕರೆಯಿರಿ. ಉತ್ತರ ಬರಲಿಲ್ಲವೆಂದು ಎದ್ದು ಓಡಾಡಬೇಡಿ, ಏಕೆಂದರೆ ಅಂಥ ದಿನ ಹುಂಜಗಳು ಸದ್ದಿಲ್ಲದೆ ನಡೆದೇ ಬರುತ್ತವೆ.

ಗಾಳಿಮರೆ:

ಹಳೇಕೋವಿಯವರು ಮಳೆಯ ವಿಷಯದಲ್ಲಿ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಗಾಳಿಯನ್ನು ಮಳೆಯ ಜೊತೆ ಒಂದೇ ಗಂಟಿನಲ್ಲಿ ಕಟ್ಟಬಾರದು. ನನ್ನ ಮಟ್ಟಿಗೆ ಸೋನೆಮಳೆಯ ದಿನಕ್ಕಿಂತ ಗಾಳಿಯ ದಿನವೇ ಕಠಿಣ. ಗಾಳಿಯ ಸದ್ದಿನಲ್ಲಿ ಹಕ್ಕಿಯಂತೆ ಬೇಟೆಗಾರನೂ ಕಿವುಡಿಗೆ ಸಿಕ್ಕಿಬೀಳುತ್ತಾನೆ. ಕಾಡಿನಲ್ಲಿ ಧ್ವನಿಮುದ್ರಣ ಉಪಕರಣಗಳನ್ನಿಟ್ಟು ನಡೆಸಿದ ಅಧ್ಯಯನಗಳಲ್ಲಿಯೂ ಗಾಳಿ ಹೆಚ್ಚಿದಾಗ ದಾಖಲಾಗುವ ಕೂಗುಗಳು ಕಡಿಮೆಯೇ. ಹುಂಜ ಕೂಗುವುದೇ ಕಡಿಮೆಯಾಯಿತೋ, ಅಥವಾ ಕೂಗಿದ್ದು ಗಾಳಿಯಲ್ಲಿ ಕಳೆದುಹೋಯಿತೋ ಎಂಬುದನ್ನು ಬೇರ್ಪಡಿಸುವುದು ಮಾತ್ರ ಸುಲಭವಲ್ಲ.

ಗಾಳಿ ಬೀಸುವಾಗ ಟರ್ಕಿಗಳು ದಿಣ್ಣೆಯ ನೆತ್ತಿಯನ್ನು ಬಿಟ್ಟು, ಗಾಳಿ ತಾಗದ ಮಗ್ಗುಲಿಗೆ, ಕಣಿವೆಯ ತಳಕ್ಕೆ, ತಗ್ಗಿನ ಬಯಲಿಗೆ ಇಳಿಯುತ್ತವೆ. ಪಶ್ಚಿಮದ ಗಾಳಿಯಾದರೆ ದಿಣ್ಣೆಯ ಪೂರ್ವ ಮಗ್ಗುಲನ್ನು ಮೊದಲು ನೋಡಿ. ಕೂಗು ಕೇಳಿಸಿತೆಂದರೆ ಹಕ್ಕಿ ನೀವು ಊಹಿಸಿದ್ದಕ್ಕಿಂತ ಬಹಳ ಹತ್ತಿರದಲ್ಲಿದೆ ಎಂದೇ ತಿಳಿದು, ನಿಂತಲ್ಲೇ ಕುಳಿತುಕೊಳ್ಳಿ. ಕೂರುವ ಮೊದಲು ತಲೆಯ ಮೇಲೊಮ್ಮೆ ನೋಡಲು ಮರೆಯದಿರಿ: ಒಣಗಿ ನಿಂತ ಕೊಂಬೆಗಳು ಬೀಳುವುದು ಇಂಥ ದಿನಗಳಲ್ಲೇ.

ಬೆಟ್ಟದಂಚು:

ಇಬ್ಬರಿಗೂ ಧನ್ಯವಾದಗಳು. ಎರಡು ಸಣ್ಣ ಸಂಶಯಗಳಿವೆ. ಗುಡುಗಿದಾಗ ಹುಂಜಗಳು ಕೂಗಿದ್ದನ್ನು ಕೇಳಿದ್ದೇನೆ, ಅದನ್ನು ಬಳಸಿಕೊಳ್ಳಬಹುದೇ? ಮತ್ತು ಹೇಂಟೆಯ ದನಿ ಹೊರಡಿಸಲು ನನ್ನ ಬಳಿ ಇರುವುದು ಮರದ ಪೆಟ್ಟಿಗೆಯಂಥ ಬಾಕ್ಸ್ ಕಾಲ್ ಒಂದೇ. ಒದ್ದೆಯಾದರೆ ಅದು ಸ್ವರವನ್ನೇ ಬಿಡುವುದಿಲ್ಲ.

ಹಳೇಕೋವಿ:

ಬಾಕ್ಸ್ ಕಾಲ್ ಆಗಲಿ, ಕಲ್ಲಿನ ಬಿಲ್ಲೆಯ ಮೇಲೆ ಕಡ್ಡಿ ಉಜ್ಜುವ ಸ್ಲೇಟ್ ಕಾಲ್ ಆಗಲಿ ತಿಕ್ಕಾಟದಿಂದ ನುಡಿಯುವ ಸಾಧನಗಳು. ನೀರು ತಾಗಿದರೆ ಮೂಕವಾಗುತ್ತವೆ. ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಬಾಕ್ಸ್ ಕಾಲ್ ಇಟ್ಟು, ಕೈಯನ್ನೂ ಒಳಗೇ ತೂರಿಸಿ ನುಡಿಸುವುದು ಹಳೆಯ ಉಪಾಯ. ಬಾಯಲ್ಲಿಟ್ಟು ಊದುವ ಡಯಾಫ್ರಮ್ ಕಾಲ್‌ಗೆ ಮಳೆಯ ಹಂಗೇ ಇಲ್ಲ, ಕಲಿಯಲು ಮಾತ್ರ ತಾಳ್ಮೆ ಬೇಕು.

ಗುಡುಗಿಗೆ ಹುಂಜ ಕೂಗುವುದು ನಿಜ. ಗೂಬೆಯ ಕೂಗಿಗೂ ಕಾಗೆಯ ಕೂಗಿಗೂ ಅದು ಬೆಚ್ಚಿದಂತೆ ಹಾಗೆಯೇ ಕೂಗುತ್ತದೆ. ದೂರದ ಗುಡುಗಿನಿಂದ ಹಕ್ಕಿ ಇರುವ ದಿಕ್ಕು ತಿಳಿದುಕೊಂಡು, ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಗುಡುಗು ಕೇಳಿಸುವಷ್ಟು ಹತ್ತಿರವಿದ್ದರೆ ಸಿಡಿಲೂ ಹತ್ತಿರವೇ. ಒಂಟಿ ಮರದ ಕೆಳಗೆ ಕೋವಿ ಹಿಡಿದು ಕೂರುವ ಹೊತ್ತು ಅದಲ್ಲ.

ಮಂಜಿನ ಬಗ್ಗೆ ಯಾರೂ ಹೇಳಲಿಲ್ಲ. ದಟ್ಟ ಮಂಜಿದ್ದರೆ ಹುಂಜಗಳು ಮರದಿಂದ ಇಳಿಯುವುದು ತಡ, ಕೂಗುವುದಂತೂ ಮರದ ಮೇಲೇ. ಮಸುಕಿನಲ್ಲಿ ಆಕೃತಿ ನೋಡಿ ಈಡು ಹಾರಿಸುವಂತಿಲ್ಲ: ಇಲ್ಲಿ ವಸಂತದಲ್ಲಿ ಗಡ್ಡವಿರುವ ಹಕ್ಕಿಯನ್ನಷ್ಟೇ ಹೊಡೆಯಲು ಅವಕಾಶ, ಮತ್ತು ಹೇಂಟೆಯ ದನಿಯಲ್ಲಿ ಕರೆಯುತ್ತಿರುವುದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದು.

ಓಕ್‌ನೆರಳು:

ಚರ್ಚೆ ಒಂದು ಬೆಳಗಿನ ಹವಾಮಾನಕ್ಕೇ ನಿಂತಿರುವುದರಿಂದ ಇದನ್ನು ಸೇರಿಸುತ್ತೇನೆ. ನೀವು ಮಳೆಯಲ್ಲಿ ಹುಂಜಕ್ಕಾಗಿ ಕಾಯುವ ಹೊತ್ತಿಗೆ ಹೇಂಟೆಗಳು ನೆಲದ ಮೇಲೆ ಹತ್ತು ಹನ್ನೆರಡು ಮೊಟ್ಟೆಗಳಿಗೆ ಕಾವು ಕೊಡುತ್ತಿರುತ್ತವೆ. ಕಾವು ಸುಮಾರು 28 ದಿನ. ನೆನೆದ ಹೇಂಟೆಯ ಮೈವಾಸನೆ ಹೆಚ್ಚಾಗಿ ನರಿ, ರಕೂನ್‌ಗಳಿಗೆ ಗೂಡು ಸುಲಭವಾಗಿ ಸಿಗುತ್ತದೆ ಎಂಬ ವಾದವಿದೆ, ಅದನ್ನು ಎಲ್ಲರೂ ಒಪ್ಪಿಲ್ಲ. ಮರಿಗಳ ವಿಷಯದಲ್ಲಿ ಅನುಮಾನವಿಲ್ಲ: ಮೊದಲ ಕೆಲವು ವಾರ ಅವುಗಳ ಮೈಮೇಲೆ ಇರುವುದು ಹೆಚ್ಚಾಗಿ ನವಿರು ತುಪ್ಪಳ. ಚಳಿಮಳೆ ಬಿಡದೆ ಹಿಡಿದರೆ ತಾಯಿಯ ರೆಕ್ಕೆಯಡಿ ಜಾಗ ಸಾಲದ ಮರಿಗಳು ನೆನೆದು, ಮೈ ತಣ್ಣಗಾಗಿ ಸಾಯುತ್ತವೆ.

ಬೇಟೆಯ ಮೇಲೆ ಇದರ ಪರಿಣಾಮ ತಡವಾಗಿ ಕಾಣಿಸುತ್ತದೆ. ಕರೆಗೆ ಉತ್ಸಾಹದಿಂದ ಓಗೊಟ್ಟು ಬರುವುದು ಹೆಚ್ಚಾಗಿ ಎರಡು ವರ್ಷದ ಹುಂಜಗಳಾದ್ದರಿಂದ, ಜೂನ್ ತಿಂಗಳು ಮಳೆಯಲ್ಲೇ ಕಳೆದ ವರ್ಷದ ನಷ್ಟ ಎರಡು ವಸಂತಗಳ ನಂತರ ತಿಳಿಯುತ್ತದೆ. ಬೆಟ್ಟದಂಚು ಅವರೇ, ತಿಳಿಯಾದ, ಗಾಳಿಯಿಲ್ಲದ ಬೆಳಗಿನಲ್ಲಿಯೂ ನಿಮ್ಮ ಕಾಡು ಮೌನವಾಗಿದ್ದರೆ, ಎರಡು ವರ್ಷ ಹಿಂದಿನ ಜೂನ್ ಹೇಗಿತ್ತೆಂದು ಜಮೀನಿನ ಮಾಲೀಕರನ್ನು ಕೇಳಿ ನೋಡಿ.