ಬೆಸ ಸಂಖ್ಯೆಯ ಶಾಪ

ಸ್ಟಾರ್ ಟ್ರೆಕ್ ಅಂದರೆ ಬಾಹ್ಯಾಕಾಶ ಹಡಗಿನ ಸಾಹಸಗಳ ಅಮೆರಿಕನ್ ಟಿವಿ ಧಾರಾವಾಹಿ, ಆಮೇಲೆ ಅದರ ಸಿನಿಮಾ ಸರಣಿ. ಅದರ ಅಭಿಮಾನಿಗಳಲ್ಲಿ ಒಂದು ಹಳೇ ನಂಬಿಕೆ ಇದೆ. ಸಮ ಸಂಖ್ಯೆಯ ಸಿನಿಮಾ ಚೆನ್ನಾಗಿರುತ್ತದೆ, ಬೆಸ ಸಂಖ್ಯೆಯದು ಕೈ ಕೊಡುತ್ತದೆ. 1979ರಿಂದ 2016ರವರೆಗೆ ಒಟ್ಟು 13 ಬಂದಿವೆ. ಎಲ್ಲವನ್ನೂ ಮತ್ತೆ ನೋಡಿ ಹತ್ತಕ್ಕೆ ಅಂಕ ಹಾಕೋಣ ಎಂದು ನಾಲ್ವರು ಕೂತೆವು. ಒಬ್ಬರು ಮೇಷ್ಟ್ರು, ಕೈ ಬಲು ಬಿಗಿ. ಒಬ್ಬಳು ಲಾಯರಮ್ಮ, ಎಂಥ ಕೆಟ್ಟ ಸಿನಿಮಾ ಸಿಕ್ಕರೂ ಅದರ ಪರ ವಾದ ಮಾಡುವವಳು. ಇನ್ನೊಬ್ಬ ಕುಂಭಕರ್ಣ, ಹೆಸರೇ ಸಾಕು. ನಾಲ್ಕನೆಯವನು ನಾನು.

ಮೊದಲನೆಯದರಲ್ಲೇ ಗಲಾಟೆ. ಕ್ಯಾಪ್ಟನ್ ಕರ್ಕ್ ತನ್ನ ಹಳೇ ಹಡಗು ಎಂಟರ್‌ಪ್ರೈಸ್ ನೋಡಲು ಪುಟ್ಟ ವಾಹನದಲ್ಲಿ ಹೊರಡುತ್ತಾನೆ. ಹಡಗಿನ ಮುಂದೆ, ಪಕ್ಕ, ಕೆಳಗೆ. ಕುಂಭಕರ್ಣ ಒಂದು ನಿದ್ದೆ ತೆಗೆದು ಎದ್ದ.

"ಇನ್ನೂ ಹತ್ತಿಲ್ವಾ?"

"ಇಲ್ಲ, ಪ್ರದಕ್ಷಿಣೆ ನಡೀತಿದೆ," ಅಂದರು ಮೇಷ್ಟ್ರು.

"ಟಿವಿ ಧಾರಾವಾಹಿ ನಿಂತು ಹತ್ತು ವರ್ಷ ಆಗಿತ್ತು ಕಣ್ರೀ," ಲಾಯರಮ್ಮ ಶುರು ಮಾಡಿದಳು. "ಕಾದವರು ಕಣ್ತುಂಬ ನೋಡ್ಬೇಡ್ವಾ? ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ ಕೇಳಿ."

"ಕೇಳ್ತಾನೇ ಇದ್ದೀನಿ. ಬೇರೇನೂ ಆಗ್ತಿಲ್ವಲ್ಲ!"

ಕೊನೆಗೆ ಭೂಮಿಯನ್ನೇ ನುಂಗಲು ಬಂದ ಮಹಾಶಕ್ತಿ ಯಾವುದು ಅಂದರೆ, ಮನುಷ್ಯರೇ ಕಳಿಸಿದ್ದ ವಾಯೇಜರ್ 6 ಎಂಬ ನೌಕೆ. ಫಲಕದ ಮೇಲಿನ ಹೆಸರಿನ ನಡುವೆ ಕೊಳೆ ಮೆತ್ತಿಕೊಂಡಿದೆ, ಹಾಗಾಗಿ ಅದು ತನ್ನ ಹೆಸರು ವೀಜರ್ ಅಂದುಕೊಂಡಿದೆ. (ನಾಸಾ ನಿಜವಾಗಿ ಕಳಿಸಿದ್ದು ಎರಡೇ ವಾಯೇಜರ್, 1977ರಲ್ಲಿ.) "ಒರೆಸಿದ್ರೆ ಮುಗೀತಿತ್ತು, ಅದಕ್ಕೆ ಎರಡು ಗಂಟೆಗಿಂತ ಜಾಸ್ತಿ!" ಎಂದು ಮೇಷ್ಟ್ರು ನಾಲ್ಕು ಹಾಕಿದರು. ನನ್ನದು ಆರು. ಹುಟ್ಟಿಸಿದವರನ್ನು ಹುಡುಕಿಕೊಂಡು ಬರುವ ಯಂತ್ರ ಸಣ್ಣ ಕಲ್ಪನೆ ಅಲ್ಲ.

ಎರಡನೆಯದಕ್ಕೆ, 1982ರ ಖಾನ್ ಎಂಬ ಖಳನ ಕಥೆಗೆ, ತಕರಾರೇ ಇಲ್ಲ. ಮೇಷ್ಟ್ರೇ ಒಂಬತ್ತು ಕೊಟ್ಟರು. ಕರ್ಕ್‌ಗೂ ಖಾನ್‌ಗೂ ಇಡೀ ಸಿನಿಮಾದಲ್ಲಿ ಮುಖಾಮುಖಿ ಭೇಟಿಯೇ ಇಲ್ಲ. ಜಗಳವೆಲ್ಲ ಹಡಗಿನೊಳಗಿನ ಪರದೆಯ ಮೇಲೆ. ಆದರೂ ಅಷ್ಟು ಬಿಸಿ.

"ಆದ್ರೆ ಕರ್ಕ್ ಸಿಬ್ಬಂದಿ ಚೆಕೋವ್ ಮುಖ ಮರೆತಿಲ್ಲ ಅಂತಾನಲ್ಲ ಖಾನ್," ಲಾಯರಮ್ಮ ಅಡ್ಡ ಹಾಕಿದಳು. "ಟಿವಿಯಲ್ಲಿ ಖಾನ್ ಬಂದಾಗ ಚೆಕೋವ್ ಪಾತ್ರ ಇನ್ನೂ ಸೇರಿರ್ಲೇ ಇಲ್ಲ."

"ಹಡಗು ದೊಡ್ಡದು. ಎಲ್ಲೋ ಮೂಲೇಲಿ ಇದ್ದಿರ್ಬೇಕು ಬಿಡಮ್ಮ."

ಒಂಬತ್ತು ಬಂದ ಹುಡುಗನಿಗೆ ಏನೆಲ್ಲ ಮಾಫಿ ನೋಡಿ!

ಮೂರನೆಯದಕ್ಕೆ ಐದು. ನಾಲ್ಕನೆಯದರಲ್ಲಿ ಎಲ್ಲರೂ ನಕ್ಕರು. ತಿಮಿಂಗಿಲ ಹುಡುಕಿಕೊಂಡು ಭವಿಷ್ಯದಿಂದ 1986ರ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದ ಹಡಗಿನ ಎಂಜಿನಿಯರ್ ಸ್ಕಾಟಿ, ಕಂಪ್ಯೂಟರ್ ಮೌಸನ್ನು ಬಾಯಿ ಹತ್ತಿರ ಹಿಡಿದು ಮಾತಾಡಿಸುತ್ತಾನೆ. "ಈಗ ಎಲ್ಲರೂ ಮಾಡೋದು ಅದೇ ಅಲ್ವಾ?" ಎಂದ ಕುಂಭಕರ್ಣ. ಅಪರೂಪಕ್ಕೆ ಎಚ್ಚರವಿದ್ದ. ಎಂಟೂವರೆ.

ಐದನೆಯದನ್ನು ನಿರ್ದೇಶಿಸಿದ್ದು ಕರ್ಕ್ ಪಾತ್ರಧಾರಿ ವಿಲಿಯಂ ಶಾಟ್ನರ್ ಅವರೇ. ದೇವರಂತೆ ಕಾಣುವವನೊಬ್ಬ ನಿಮ್ಮ ಹಡಗು ಕೊಡಿ ಅನ್ನುತ್ತಾನೆ. ದೇವರಿಗೆ ಹಡಗು ಯಾಕೆ ಬೇಕು ಎಂದು ಕರ್ಕ್ ಕೇಳುತ್ತಾನೆ. ಆ ಒಂದು ಪ್ರಶ್ನೆಗೆ ಮೂರು ಅಂಕ, ಉಳಿದದ್ದಕ್ಕೆ ಸೊನ್ನೆ. ಲಾಯರಮ್ಮ ಕೂಡ ವಕಾಲತ್ತು ವಾಪಸ್ ತೆಗೆದುಕೊಂಡಳು. ಆರನೆಯದರಲ್ಲಿ ಒಬ್ಬ ಕ್ಲಿಂಗನ್, ಅಂದರೆ ಬೇರೆ ಗ್ರಹದವನು, ಷೇಕ್ಸ್‌ಪಿಯರನ್ನು ಮೂಲ ಕ್ಲಿಂಗನ್ ಭಾಷೆಯಲ್ಲೇ ಓದಬೇಕು ಅನ್ನುತ್ತಾನೆ. ಎಂಟು, ಕಣ್ಣು ಮುಚ್ಚಿ. ಎಂಟನೆಯದಕ್ಕೂ ಅಷ್ಟೇ. ಏಳು, ಒಂಬತ್ತು ಬಂದವು, ಹೋದವು.

ಕಷ್ಟ ಬಂದದ್ದು ಹತ್ತರಲ್ಲಿ. 2002ರ ನೆಮೆಸಿಸ್. ಸಮ ಸಂಖ್ಯೆ, ಆದರೆ ಸಪ್ಪೆ.

"ನಿಯಮ ಬಿತ್ತು," ಅಂದೆ.

"ಬೀಳಲ್ಲ," ಅಂದಳು ಲಾಯರಮ್ಮ. "1999ರ ಗ್ಯಾಲಕ್ಸಿ ಕ್ವೆಸ್ಟ್ ಸೇರಿಸ್ಕೊಳ್ಳಿ. ಎಷ್ಟೋ ಅಭಿಮಾನಿಗಳು ಮಾಡೋದೇ ಹಾಗೆ."

"ಅದು ಸ್ಟಾರ್ ಟ್ರೆಕ್ಕೇ ಅಲ್ಲ! ಸ್ಟಾರ್ ಟ್ರೆಕ್ ಥರದವರನ್ನು ಗೇಲಿ ಮಾಡೋ ಸಿನಿಮಾ!"

"ಚೆನ್ನಾಗಿದೆ ತಾನೆ? ಹಾಗಾದ್ರೆ ಅದೇ ಹತ್ತು. ನೆಮೆಸಿಸ್ ಹನ್ನೊಂದು, ಬೆಸ, ಕೆಟ್ಟದು. 2009ರದು ಹನ್ನೆರಡು, ಒಳ್ಳೇದು. ಲೆಕ್ಕ ಸರಿಹೋಯ್ತು."

ಮೇಷ್ಟ್ರು ತಲೆ ಮೇಲೆ ಕೈ ಇಟ್ಟುಕೊಂಡರು. ಆಗ ನಾನು ಸೈಮನ್ ಪೆಗ್ ಕಥೆ ತೆಗೆದೆ. ಈ ನಟ 1999ರ ಸ್ಪೇಸ್ಡ್ ಎಂಬ ಬ್ರಿಟಿಷ್ ಧಾರಾವಾಹಿಯ ಪಾತ್ರವಾಗಿ, ಬೆಸ ಸಂಖ್ಯೆಯ ಟ್ರೆಕ್ ಸಿನಿಮಾಗಳೆಲ್ಲ ಕಸ ಎಂದು ಬೈದಿದ್ದ. ಮುಂದೆ ಅವನೇ ಹೊಸ ಸ್ಕಾಟಿಯಾದ. ಎಷ್ಟನೇ ಸಿನಿಮಾದಲ್ಲಿ? ಹನ್ನೊಂದರಲ್ಲಿ. ಹದಿಮೂರನೆಯದಕ್ಕೆ ಚಿತ್ರಕಥೆಯನ್ನೂ ಜೊತೆಯಲ್ಲಿ ಬರೆದ.

"ಎರಡೂ ಬೆಸ!" ಮೇಷ್ಟ್ರಿಗೆ ಜೀವ ಬಂತು. "ಎರಡೂ ಚೆನ್ನಾಗಿವೆ! ಎಂಟು, ಏಳೂವರೆ."

"ಹಾಗಿದ್ರೆ ಮೂರನೆಯದಕ್ಕೆ ಮರುಮೌಲ್ಯಮಾಪನ ಬೇಕು," ಲಾಯರಮ್ಮ ಬಿಡಲಿಲ್ಲ. ನ್ಯಾಯವೇ ಅನಿಸಿತು. ಕರ್ಕ್ ಮಗನನ್ನು ಕಳೆದುಕೊಳ್ಳುತ್ತಾನೆ, ಗೆಳೆಯನಿಗಾಗಿ ಹಡಗನ್ನೇ ಸ್ಫೋಟಿಸುತ್ತಾನೆ. ಅದೇ ಸಿನಿಮಾ ನಾಲ್ಕನೆಯದಾಗಿದ್ದರೆ ಮೇಷ್ಟ್ರು ಏಳು ಕೊಡುತ್ತಿದ್ದರು.

"ಸರಿ, ಮತ್ತೆ ಹಾಕಿ," ಅಂದರು ಮೇಷ್ಟ್ರು. "ಆದ್ರೆ ಅಂಕ ಜಾಸ್ತಿ ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಕಡಿಮೆಯೂ ಆಗ್ಬಹುದು."

ಕುಂಭಕರ್ಣ ದಿಂಬು ಸರಿಮಾಡಿಕೊಂಡ. "ಮೂರನೆಯದಾ? ಅದನ್ನು ಯಾವಾಗ ನೋಡಿದ್ವಿ?"