ರೆಸ್ಪಾಂಡೆಂಟ್ ಅಂದರೆ ತಪ್ಪು ಮಾಡಿದವರಾ?

ಪ್ರಶ್ನೆ: ಜಮೀನಿನ ದಾವೆ ಹೂಡಿದ್ದು ನಮ್ಮ ಅಪ್ಪ, ಗೆದ್ದಿದ್ದೂ ಅವರೇ. ಈಗ ಎದುರಿನವರು ಹೈಕೋರ್ಟಿಗೆ ಹೋಗಿದ್ದಾರೆ, ನೋಟಿಸಿನಲ್ಲಿ ಅಪ್ಪನ ಹೆಸರಿನ ಮುಂದೆ ರೆಸ್ಪಾಂಡೆಂಟ್ ಅಂತ ಇದೆ. ಅಪ್ಪ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ತಂಗಿ ಕಾಲೇಜಿನ ಸರ್ವೆಯಲ್ಲೂ ಇದೇ ಪದ ಬಳಸುತ್ತಾಳೆ. ಎರಡೂ ಒಂದೇನಾ?

ಉತ್ತರ 1: ಮೊದಲು ಅಪ್ಪನಿಗೆ ಧೈರ್ಯ ಹೇಳಿ. ಅದು ಆರೋಪಿ ಅನ್ನುವ ಪದ ಅಲ್ಲವೇ ಅಲ್ಲ. ಮೇಲ್ಮನವಿ ಹಾಕಿದವರು ಅಪೆಲೆಂಟ್, ಅದಕ್ಕೆ ಉತ್ತರ ಕೊಡಬೇಕಾದವರು ರೆಸ್ಪಾಂಡೆಂಟ್, ಅಷ್ಟೇ. ಕೆಳಗಿನ ಕೋರ್ಟಿನಲ್ಲಿ ವಾದಿಯಾಗಿ ಗೆದ್ದವರೇ ಮೇಲೆ ರೆಸ್ಪಾಂಡೆಂಟ್ ಆಗುವುದು ತುಂಬಾ ಸಾಮಾನ್ಯ. ಕನ್ನಡದ ಕೋರ್ಟು ಕಾಗದಗಳಲ್ಲಿ ಎದುರುದಾರ ಅಂತಲೂ ಬರೆಯುತ್ತಾರೆ, ಆ ಪದ ಕೇಳಿದರೆ ಜಗಳದ ವಾಸನೆ ಬರುತ್ತದೆ, ಅದಕ್ಕೇ ಜನ ಹೆದರುವುದು ಅನಿಸುತ್ತದೆ. ಆದರೆ ನೋಟಿಸ್ ಸುಮ್ನೆ ಬಿಡಬೇಡಿ. ಹೇಳಿದ ದಿನ ಹಾಜರಾಗದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು ಆಗಬಹುದು. ವಕೀಲರಿಗೆ ಇವತ್ತೇ ತೋರಿಸಿ.

ಉತ್ತರ 2: ಸರ್ವೆಯಲ್ಲಿ ಪ್ರಶ್ನೆಗೆ ಉತ್ತರ ಕೊಟ್ಟವರೆಲ್ಲ ರೆಸ್ಪಾಂಡೆಂಟ್. ಮೂಲ ಒಂದೇ, ಲ್ಯಾಟಿನ್ನಿನ ರೆಸ್ಪಾಂಡೇರೆ. ಅದರೊಳಗಿನ ಸ್ಪಾಂಡೇರೆ ಅಂದರೆ ಮಾತು ಕೊಡುವುದು. ಸ್ಪಾನ್ಸರ್ ಕೂಡ ಅಲ್ಲಿಂದಲೇ ಬಂದದ್ದು, ನನಗೆ ಇದು ತುಂಬಾ ಇಷ್ಟ.

ಉತ್ತರ 3: ರೆಸ್ಪಾಂಡರ್ ಬೇರೆ, ಕಲಸಬೇಡಿ. 112ಕ್ಕೆ ಫೋನ್ ಮಾಡಿದಾಗ ಮೊದಲು ಓಡಿ ಬರುವ ಪೊಲೀಸರು, ಆಂಬುಲೆನ್ಸಿನವರು ಫಸ್ಟ್ ರೆಸ್ಪಾಂಡರ್. ಔಷಧಿಗೆ ದೇಹ ಸ್ಪಂದಿಸುವ ರೋಗಿಯನ್ನೂ ಡಾಕ್ಟರುಗಳು ರೆಸ್ಪಾಂಡರ್ ಅನ್ನುತ್ತಾರೆ.

ಪ್ರಶ್ನೆ ಕೇಳಿದವರು: ಅಪ್ಪನಿಗೆ ಓದಿ ಹೇಳಿದೆ. ಈಗ ಊಟಕ್ಕೆ ಕೂತಿದ್ದಾರೆ. ಥ್ಯಾಂಕ್ಸ್.