ಅಂಗಡಿ ವೈಫೈನಲ್ಲಿ ಮಾತ್ರ ಮೇಲ್ ಬರ್ತಿಲ್ಲ, ಸಪೋರ್ಟ್‌ನೋರು ಲಾಗ್ ಕೇಳ್ತಿದಾರೆ, ಎಲ್ಲಿಂದ ತರ್ಲಿ?

ಮೊಳೆಜೋಡ್ಸೋನು:
ನಮಸ್ಕಾರ ಎಲ್ರಿಗೂ. ದಾವಣಗೆರೇಲಿ ಚಿಕ್ಕದೊಂದು ಪ್ರಿಂಟಿಂಗ್ ಪ್ರೆಸ್ ಇದೆ ನಂದು, ಸ್ವಂತ ಡೊಮೇನ್ ಮೇಲು, ಆಂಡ್ರಾಯ್ಡ್ ಫೋನಲ್ಲಿ ಥಂಡರ್‌ಬರ್ಡ್ ಮೇಲ್ ಆ್ಯಪ್ ಹಾಕ್ಕೊಂಡಿದೀನಿ. ಬೆಳಿಗ್ಗೆ ಮನೇಲಿ ಎಲ್ಲಾ ಸರಿ ಇರತ್ತೆ, ಪ್ರೆಸ್ಸಿಗೆ ಬಂದು ಒಂದರ್ಧ ಗಂಟೆ ಆಯ್ತೋ ಇಲ್ವೋ ಮೇಲ್ ನಿಂತೋಗತ್ತೆ, ವೈಫೈ ಆಫ್ ಮಾಡಿ ಮೊಬೈಲ್ ಡೇಟಾಗೆ ಬಂದ್ರೆ ದಬದಬ ಅಂತ ಬಂದ್ ಬೀಳತ್ತೆ. ಮದ್ವೆ ಕಾರ್ಡ್ ಸೀಸನ್ನು, ಪ್ರೂಫ್ ಓಕೆ ಅಂತ ಗಿರಾಕಿ ಕಳ್ಸಿದ್ದು ಮೂರು ಗಂಟೆ ಲೇಟಾಗಿ ನೋಡ್ದೆ. ಮೇಲ್ ಸರ್ವರ್ ಇಟ್ಟಿರೋ ಹೋಸ್ಟಿಂಗ್ ಕಂಪನಿ ಸಪೋರ್ಟ್‌ಗೆ ಬರೆದ್ರೆ "ಲಾಗ್ ಕಳ್ಸಿ" ಅಂದ್ರು, ಸ್ಕ್ರೀನ್‌ಶಾಟ್ ಕಳ್ಸಿದ್ದಕ್ಕೆ ಟಿಕೆಟ್ಟೇ ಕ್ಲೋಸ್ ಮಾಡಿದಾರೆ.

ಬೀಗದಕೈ:
ಸರ್, ಸ್ಕ್ರೀನ್‌ಶಾಟಲ್ಲಿ ಚಕ್ರ ತಿರ್ಗೋದು ಬಿಟ್ರೆ ಅವ್ರಿಗೆ ಏನೂ ಕಾಣಲ್ಲ. ಲಾಗ್ ಅಂದ್ರೆ ಆ್ಯಪ್ ಏನೇನ್ ಮಾಡ್ತು ಅಂತ ಟೈಮ್ ಸಮೇತ ಬರ್ಕೊಳ್ಳೋ ದಿನಚರಿ, ಅದನ್ನ ಆ್ಯಪಲ್ಲೇ ತೆಗೆಯೋಕೆ ದಾರಿ ಇದೆ. ಸೆಟ್ಟಿಂಗ್ಸ್, ಅಲ್ಲಿ ಜನರಲ್ ಸೆಟ್ಟಿಂಗ್ಸ್, ಅದ್ರಲ್ಲಿ ಡೀಬಗ್ಗಿಂಗ್ ಅಂತ ಇರತ್ತೆ, ಡೀಬಗ್ ಲಾಗಿಂಗ್ ಆನ್ ಮಾಡಿ. ಕೆ-9 ಮೇಲ್ ಬಳಸೋರಿಗೂ ಇದೇ ದಾರಿ, 2022ರಲ್ಲಿ ಕೆ-9 ಥಂಡರ್‌ಬರ್ಡ್ ಜೊತೆ ಸೇರ್ಕೊಳ್ತಲ್ಲ, ಒಳಗಡೆ ಎರಡೂ ಒಂದೇ ಸಾಮಾನು.

ಆಮೇಲೆ ಮುಖ್ಯವಾದ್ದು, ಆನ್ ಮಾಡಿದ್ ಕೂಡ್ಲೇ ಲಾಗ್ ತೆಗೀಬೇಡಿ. ತೊಂದ್ರೆ ಆಗೋ ಜಾಗದಲ್ಲಿ, ಅಂದ್ರೆ ಪ್ರೆಸ್ ವೈಫೈಲೇ, ಮೇಲ್ ನಿಂತ ಮೇಲೆ ಒಂದ್ಸಲ ಕೆಳಗೆಳೆದು ರಿಫ್ರೆಶ್ ಮಾಡಿ, ಗಡಿಯಾರ ನೋಡಿ ಟೈಮ್ ಬರ್ಕೊಳ್ಳಿ, ತಕ್ಷಣ ಅಲ್ಲೇ ಇರೋ ಎಕ್ಸ್‌ಪೋರ್ಟ್ ಲಾಗ್ಸ್ ಒತ್ತಿ ಫೈಲ್ ಸೇವ್ ಮಾಡಿ. ತಕ್ಷಣ ಯಾಕೆ ಅಂದ್ರೆ ಆಂಡ್ರಾಯ್ಡ್ ಲಾಗ್ ಇಡೋ ಜಾಗ ತುಂಬಾ ಸಣ್ಣದು, ಹೊಸ ಸಾಲು ಬಂದಂಗೆ ಹಳೇದು ಅಳಿಸ್ಕೊಂಡ್ ಹೋಗತ್ತೆ, ಸಾಯಂಕಾಲ ಮನೆಗೆ ಹೋಗಿ ನಿಧಾನಕ್ಕೆ ತೆಗೀತೀನಿ ಅಂದ್ರೆ ಬೆಳಿಗ್ಗೆದು ಇರಲ್ಲ.

ಅದ್ರ ಪಕ್ಕದಲ್ಲೇ ಸೆನ್ಸಿಟಿವ್ ಮಾಹಿತಿ ಲಾಗ್ ಮಾಡೋ ಇನ್ನೊಂದು ಸ್ವಿಚ್ ಇದೆ, ಅದನ್ನ ಮುಟ್ಲೇಬೇಡಿ. ಅದು ಆನ್ ಇದ್ರೆ ಪಾಸ್‌ವರ್ಡೂ ಲಾಗಿಗೆ ಬೀಳ್ಬೋದು. ಏನೋ ಅರ್ಥ ಆಗ್ದಿರೋ ಅಕ್ಷರಗಳ ಸಾಲು ಕಾಣತ್ತೆ, ಓ ಇದು ಎನ್‌ಕ್ರಿಪ್ಟ್ ಆಗಿದೆ ಬಿಡು ಅನ್ಕೋತಾರೆ ಜನ, ಅದು ಬರೀ ಬೇಸ್64, ಅಂದ್ರೆ ಅಕ್ಷರ ಬದ್ಲಾಯಿಸಿ ಬರೆಯೋ ಒಂದು ವಿಧಾನ ಅಷ್ಟೇ, ಯಾರ್ ಬೇಕಾದ್ರೂ ಎರಡು ಸೆಕೆಂಡಲ್ಲಿ ಬಿಚ್ತಾರೆ. ಬಾಗ್ಲು ಮುಂದಕ್ಕೆ ಹಾಕಿದ ಹಾಗೆ, ಬೀಗ ಹಾಕಿದ ಹಾಗಲ್ಲ.

ಕಟ್ಟೆಪುರಾಣ:
ಐಫೋನಿನ ಮೇಲ್ ಆ್ಯಪಿಗೆ ಇದೇ ತರ ಏನಾದ್ರೂ ಇದ್ಯಾ ಗುರು? ನನ್ ತಂಗಿ ಫೋನಲ್ಲೂ ಇದೇ ಗೋಳು

ಬೀಗದಕೈ:
ಇಷ್ಟ್ ಸುಲಭಕ್ಕಿಲ್ಲ. ಎರಡೂ ವಾಲ್ಯೂಮ್ ಬಟನ್ನು, ಸೈಡ್ ಬಟನ್ನು ಮೂರೂ ಒಟ್ಟಿಗೆ ಒಂದೊಂದೂವರೆ ಸೆಕೆಂಡ್ ಒತ್ತಿ ಬಿಟ್ರೆ ಸಿಸ್‌ಡಯಾಗ್ನೋಸ್, ಅಂದ್ರೆ ಇಡೀ ಫೋನಿನ ಲಾಗ್ ಒಟ್ಟು ಮಾಡೋ ಕೆಲ್ಸ, ಶುರು ಆಗತ್ತೆ, ಹತ್ತು ನಿಮಿಷ ಬಿಟ್ಟು ಪ್ರೈವಸಿ ಸೆಟ್ಟಿಂಗಲ್ಲಿ ಅನಲಿಟಿಕ್ಸ್ ಡೇಟಾ ಒಳಗೆ ಹುಡ್ಕಿ. ಫೋನಿನ ಜಾತಕ ಪೂರ್ತಿ ಇರತ್ತೆ ಅದ್ರಲ್ಲಿ, ಫೈಲೂ ದೊಡ್ದು, ಸಿಕ್ಕಸಿಕ್ಕೋರಿಗೆ ಕಳಿಸ್ಬೇಡಿ.

ಮೊಳೆಜೋಡ್ಸೋನು:
ತೆಗ್ದೆ. 11:42ಕ್ಕೆ ರಿಫ್ರೆಶ್ ಮಾಡಿದ್ದು. ಫೈಲ್ ಓಪನ್ ಮಾಡಿದ್ರೆ ತಲೆ ಕೆಟ್ಟೋಯ್ತು, ಸಾವಿರಾರು ಸಾಲು. ಪೂರ್ತಿ ಇಲ್ಲೇ ಹಾಕ್ಲಾ?

ಬೀಗದಕೈ:
ಬೇಡ ಬೇಡ! ಗಿರಾಕಿಗಳ ಮೇಲ್ ಐಡಿ ಇರಬೋದು ಅದ್ರಲ್ಲಿ. 11:42 ಅಂತ ಸರ್ಚ್ ಮಾಡಿ, ಅದ್ರ ಹಿಂದೆ ಮುಂದೆ ಇಪ್ಪತ್ತು ಸಾಲು ಸಾಕು, ಐಡಿ ಡೊಮೇನ್ ಎಲ್ಲಾ ಬೇರೆ ಏನಾದ್ರೂ ಬರ್ದು ಹಾಕಿ.

ಮೊಳೆಜೋಡ್ಸೋನು:
ಪದೇ ಪದೇ ಒಂದೇ ಸಾಲು ಬರ್ತಿದೆ ನೋಡಿ: ಮ್ಯಾಕ್ಸಿಮಮ್ ನಂಬರ್ ಆಫ್ ಕನೆಕ್ಷನ್ಸ್ ಫ್ರಮ್ ಯೂಸರ್ ಪ್ಲಸ್ ಐಪಿ ಎಕ್ಸೀಡೆಡ್, ಪಕ್ಕದಲ್ಲಿ 10 ಅಂತ ಇದೆ.

ಬೀಗದಕೈ:
ಸಿಕ್ತು ಬಿಡಿ ಕಳ್ಳ. ನಿಮ್ಮ ಹೋಸ್ಟಿಂಗಲ್ಲಿರೋದು ಡವ್‌ಕಾಟ್ ಅನ್ನೋ ಮೇಲ್ ಸರ್ವರ್, ಒಂದು ಅಕೌಂಟು ಒಂದು ಐಪಿ ವಿಳಾಸದಿಂದ (ಇಂಟರ್ನೆಟ್ಟಲ್ಲಿ ನಿಮ್ಮ ಲೈನಿನ ನಂಬರು) ಒಟ್ಟಿಗೆ 10 ಕನೆಕ್ಷನ್ ಮಾತ್ರ ಅನ್ನೋದು ಅದ್ರ ಡೀಫಾಲ್ಟ್ ಮಿತಿ. ವೈಫೈಲಿ ಇರೋ ಎಲ್ಲಾ ಮಿಷಿನ್ನೂ ಹೊರಗಡೆಗೆ ಒಂದೇ ಐಪಿ ಆಗಿ ಕಾಣತ್ತೆ. ಪ್ರೆಸ್ಸಲ್ಲಿ ಇದೇ ಅಕೌಂಟು ಕಂಪ್ಯೂಟರಲ್ಲೂ ಓಪನ್ ಇದ್ಯಾ?

ಮೊಳೆಜೋಡ್ಸೋನು:
ಹೌದು, ಡಿಸೈನ್ ಮಾಡೋ ಹುಡುಗ್ರು ಇಬ್ರು, ಇಬ್ರ ಪಿಸಿಲೂ ಥಂಡರ್‌ಬರ್ಡೇ. ನಾನ್ ಬಂದ್ ಅರ್ಧ ಗಂಟೇಗೆ ಅವ್ರೂ ಬರ್ತಾರೆ. ಅಯ್ಯೋ

ಬೀಗದಕೈ:
ಅಲ್ಲಿಗೆ ಲೆಕ್ಕ ಸರಿಹೋಯ್ತು. ಪಿಸಿ ಥಂಡರ್‌ಬರ್ಡ್ ಒಂದೊಂದು ಅಕೌಂಟಿಗೆ 5 ಕನೆಕ್ಷನ್ ತನಕ ಹಿಡ್ಕೊಂಡ್ ಕೂರತ್ತೆ, ಐದೈದ್ಲಿ ಹತ್ತು, ನಿಮ್ ಫೋನು ಹನ್ನೊಂದನೇದು. ಎರಡೂ ಪಿಸಿಲಿ ಅಕೌಂಟ್ ಸೆಟ್ಟಿಂಗ್ಸ್, ಸರ್ವರ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ಕ್ಯಾಶೆ ಮಾಡೋ (ತೆರೆದಿಟ್ಕೊಳ್ಳೋ) ಕನೆಕ್ಷನ್ 5 ಇರೋದನ್ನ 2 ಮಾಡಿ ಥಂಡರ್‌ಬರ್ಡ್ ಮುಚ್ಚಿ ತೆಗೀರಿ. ಫೋನಲ್ಲಿ ಡೀಬಗ್ ಲಾಗಿಂಗ್ ಆಫ್ ಮಾಡೋದು ಮರೀಬೇಡಿ.

ಮೊಳೆಜೋಡ್ಸೋನು:
ಮಾಡ್ದೆ ಸರ್, ಊಟ ಮುಗ್ಸಿ ಬರೋಷ್ಟ್ರಲ್ಲಿ ಅದೇ ವೈಫೈಲಿ ನಾಲ್ಕು ಮೇಲ್ ಬಂದಿದೆ, ಅದ್ರಲ್ಲಿ ಒಂದು "ಮುಹೂರ್ತದ ಟೈಮ್ ತಪ್ಪಾಗಿದೆ, ಪ್ರಿಂಟ್ ಹಾಕ್ಬೇಡಿ" ಅಂತ. ಹಾಕಿರ್ಲಿಲ್ಲ ಪುಣ್ಯಕ್ಕೆ.